ಇಪ್ಪತ್ತು ಸೆಕೆಂಡಿನ ಸದಾನಂದಣ್ಣ

ಹಲ್ಲಿ ಲೊಚಗುಟ್ಟಿದರೆ ಸಾಕು, ಸದಾನಂದಣ್ಣ ಮಾಡುತ್ತಿದ್ದ ಕೆಲಸ ಬಿಟ್ಟು ಹತ್ತಿರ ಸಿಕ್ಕಿದ್ದರ ಮೇಲೆ ತೋರುಬೆರಳಿನಿಂದ ಮೂರು ಸಲ ಕುಟ್ಟುತ್ತಿದ್ದರು. ಮೇಜು, ಗೋಡೆ, ಊಟದ ತಟ್ಟೆಯ ಅಂಚು, ಒಂದು ಸಲ ನನ್ನ ಗಂಡನ ಬೋಳುತಲೆ. "ಸತ್ಯ ಮಾರಾಯ್ರೆ! ಪಲ್ಲಿ ಹೇಳಿತು" ಎನ್ನುವರು. ಅವರ ತುಳುವಿನಲ್ಲಿ ಹಲ್ಲಿಗೆ ಪಲ್ಲಿ. ಯಾರಾದರೂ ಮಾತಾಡುವಾಗ ಹಲ್ಲಿ ಸದ್ದು ಮಾಡಿದರೆ ಆ ಮಾತು ನಿಜ ಎಂಬ ನಂಬಿಕೆ ಮೈಸೂರಿನ ನಮ್ಮ ಮನೆಯಲ್ಲೂ ಇತ್ತು. ನಮ್ಮಜ್ಜಿ "ಕೃಷ್ಣ ಕೃಷ್ಣ" ಎಂದು ನೆಲ ಕುಟ್ಟುತ್ತಿದ್ದರು. ಆದರೆ ಆ ನಂಬಿಕೆಗೂ ವೀಸಾ ಮಾಡಿಸಿ ದೋಹಾಕ್ಕೆ ಕರೆತಂದವರು ಇವರೊಬ್ಬರೇ. ಕಾರಿನ ಇಂಡಿಕೇಟರ್ ಟಿಕ್ ಟಿಕ್ ಎಂದರೂ ಅವರ ಬೆರಳು ಸ್ಟೇರಿಂಗಿನ ಮೇಲೆ ಮಿಸುಕುತ್ತಿತ್ತು.

ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ಅವರದು ಎದುರು ಫ್ಲ್ಯಾಟ್. ಕಟ್ಟಡ ಸಾಮಗ್ರಿಯ ಕಂಪನಿಯೊಂದರಲ್ಲಿ ಸ್ಟೋರ್‌ಕೀಪರ್. ಮಗಳ ಬಾಣಂತನಕ್ಕೆಂದು ಸುರತ್ಕಲ್ಲಿಗೆ ಹೋದ ಹೆಂಡತಿ ಕುಸುಮಕ್ಕ ಮಂಡಿನೋವು, ಮೊಮ್ಮಗು ಎಂದು ಅಲ್ಲೇ ಉಳಿದಿದ್ದರು. ಹಾಗಾಗಿ ಶುಕ್ರವಾರದ ಊಟಕ್ಕೆ ಸದಾನಂದಣ್ಣ ನಮ್ಮ ಮನೆಗೆ ಬರುತ್ತಿದ್ದರು. ಬರಿಗೈಯಲ್ಲಿ ಬಂದದ್ದಿಲ್ಲ, ಸ್ಕ್ರೂಡ್ರೈವರ್ ಆದರೂ ಇರುತ್ತಿತ್ತು. "ಎಂತ ಟೀಚರೇ, ನಿಮ್ಮ ಎಸಿ ಬೊಬ್ಬೆ ಹೊಡಿತಾ ಉಂಟಲ್ಲ? ಬಿಚ್ಚಿ ನೋಡುವ" ಎನ್ನುವರು. ನಾನು ಇಂಡಿಯನ್ ಶಾಲೆಯೊಂದರಲ್ಲಿ ಪಾಠ ಮಾಡುವವಳು. ಹಾಗಾಗಿ ನನ್ನ ಹೆಸರು ಅವರ ಬಾಯಲ್ಲಿ ಒಂದು ದಿನವೂ ಬರಲಿಲ್ಲ. ಎಸಿ ಬಿಚ್ಚುವರು, ಸರಿಮಾಡುವರು, "ಖಲಾಸ್" ಎಂದು ಕೈ ಕೊಡವುವರು, ಸಾರು ಬಡಿಸಿಕೊಳ್ಳುವರು.

ಇಂಥ ಮನುಷ್ಯನಿಗೆ ನಾನೊಂದು ಅನ್ಯಾಯ ಮಾಡಿದೆ. ಬೇರೆ ಯಾರಾದರೂ ಮಾಡಿದ್ದರೆ ಈಗ ಅವರ ಮೇಲೆ ಹರಿಹಾಯ್ದು ಹಗುರಾಗುತ್ತಿದ್ದೆ. ಆ ಅನುಕೂಲ ನನಗಿಲ್ಲ.

ಆ ವರ್ಷ ಈದ್ ರಜೆಗೆ ನಮ್ಮ ಕಟ್ಟಡದ ಏಳು ಜನ ಟಾಂಜಾನಿಯಾಕ್ಕೆ ಸಫಾರಿ ಹೊರಟೆವು. ಪ್ರಾಣಿಗಳನ್ನು ನೋಡುವುದು ನಾಲ್ಕು ದಿನ, ಏಯಾಸಿ ಸರೋವರದ ಬಳಿ ಬೇಟೆ ಮತ್ತು ಗೆಡ್ಡೆ-ಗೆಣಸು ನಂಬಿ ಬದುಕುವ ಹಡ್ಜಾ ಜನರನ್ನು ಭೇಟಿಯಾಗುವುದು ಒಂದು ದಿನ. ಕೊನೆಗಳಿಗೆಯಲ್ಲಿ ಒಬ್ಬರು ಹಿಂದೆ ಸರಿದದ್ದರಿಂದ ಸದಾನಂದಣ್ಣನಿಗೆ ಜಾಗ ಸಿಕ್ಕಿತು. "ಸಿಂಹ ಎಲ್ಲ ಟೀವಿಯಲ್ಲಿ ನೋಡಿದ್ದೇನೆ. ನನಗೆ ಬಿಲ್ಲು ಹಿಡಿದವರನ್ನು ನೋಡ್ಬೇಕು. ನಮ್ಮ ಅಜ್ಜ ಬೋಂಟೆಗೆ ಹೋಗ್ತಿದ್ದರು ಗೊತ್ತುಂಟಾ?" ಎಂದರು. ಬೋಂಟೆ ಎಂದರೆ ಬೇಟೆ. ಅಜ್ಜ ಹೊಡೆದದ್ದಕ್ಕಿಂತ ಓಡಿದ್ದೇ ಹೆಚ್ಚಂತೆ, ಹಂದಿ ಹಿಂದೆ ಇರುತ್ತಿತ್ತಂತೆ.

ಜೀಪಿನಲ್ಲಿ ತಲೆಗೆ ಬೈರಾಸು ಟವೆಲ್ ಸುತ್ತಿಕೊಂಡು, ತೆರೆದ ಚಾವಣಿಯಿಂದ ಎದೆಯವರೆಗೆ ಹೊರಬಂದು ನಿಲ್ಲುತ್ತಿದ್ದರು. ಸಿಂಹಗಳ ಹಿಂಡೊಂದು ಮರದಡಿ ಅಡ್ಡಾದಿಡ್ಡಿ ಬಿದ್ದಿತ್ತು. ನಾವೆಲ್ಲ ಕ್ಯಾಮೆರಾ ಹಿಡಿದು ಅದು ಏಳಲಿ, ಇದು ಆಕಳಿಸಲಿ ಎಂದು ಗದ್ದಲ ಮಾಡುತ್ತಿದ್ದಾಗ ಅವರು ಗದರಿದರು: "ಸುಮ್ನಿರಿ ಮಾರಾಯ್ರೆ! ನೈಟ್ ಡ್ಯೂಟಿ ಮಾಡಿ ಮಲಗಿದೆ, ಪಾಪ." ಕಾಡುಹಂದಿಯೊಂದು ಬಾಲ ನೆಟ್ಟಗೆ ಎತ್ತಿಕೊಂಡು ಓಡಿದಾಗ ಮಾತ್ರ ಅವರಿಗೂ ತಡೆಯಲಾಗಲಿಲ್ಲ. "ಇದಕ್ಕೆ ಬಾಲದಲ್ಲಿ ಏರಿಯಲ್ ಉಂಟು! ಅಜ್ಜನಿಗೆ ಇದೇ ಸಿಕ್ಕಿದ್ದಿರಬೇಕು!" ನಮ್ಮ ಗೈಡ್ ಜೋಸೆಫನಿಗೆ ಕನ್ನಡ ಬಾರದು. ಆದರೂ ನಗುತ್ತಾ ಜೀಪು ನಿಲ್ಲಿಸಿದ. ಆ ನಾಲ್ಕು ದಿನಗಳಷ್ಟು ನಾನು ಯಾವ ರಜೆಯಲ್ಲೂ ನಕ್ಕಿಲ್ಲ. ಈಗಲೂ ಅವನ್ನು ನೆನೆದರೆ ಮನಸ್ಸು ತುಂಬಿ ಬರುತ್ತದೆ.

ಐದನೆಯ ದಿನ ಬೆಳಿಗ್ಗೆ ಹಡ್ಜಾ ಬಿಡಾರಕ್ಕೆ ಹೋದೆವು. ಸವಣೂರಿನಲ್ಲಿ ದೊಡ್ಡಹುಣಸೆ ಎನ್ನುತ್ತಾರಲ್ಲ, ಅದೇ ಜಾತಿಯ ಭಾರೀ ಮರದ ಕೆಳಗೆ ಬೆಂಕಿ ಹಾಕಿಕೊಂಡು ಒಬ್ಬ ಮುದುಕರು ಬಾಣದ ಗರಿ ಕಟ್ಟುತ್ತಿದ್ದರು. ಪಕ್ಕದಲ್ಲಿ ಒಂದು ಪೊಟ್ಟಣ. ಜೋಸೆಫ್ ಅದನ್ನು ತೋರಿಸಿ ಸ್ವಾಹಿಲಿಯಲ್ಲಿ "ಅಸಾಲಿ" ಎಂದ. ನಾವು ಕಣ್ಣು ಕಣ್ಣು ಬಿಡುವಷ್ಟರಲ್ಲಿ ಸದಾನಂದಣ್ಣ ಕೂಗಿದರು: "ಅಸಲ್! ಜೇನು! ನಮ್ಮ ಗೋದಾಮಿನ ಯೆಮನಿ ಡ್ರೈವರ್ ಹೇಳುವುದು ಇದನ್ನೇ."

ಜೇನು ಸಿಕ್ಕಿದ್ದು ಹೇಗೆಂದು ಮುದುಕರು ಹೇಳತೊಡಗಿದರು. ಒಂದು ಹಕ್ಕಿ ಕರೆದು ದಾರಿ ತೋರಿಸಿತಂತೆ. ಅವರ ಮಾತಿನ ನಡುವೆ ನಾಲಗೆಯಿಂದ ಹೊರಡುವ ಟಕ್, ಲೊಚ್ ಎಂಬ ಸದ್ದುಗಳಿದ್ದವು; ನಮ್ಮ ಕ, ಚ, ಟ ಇದ್ದ ಹಾಗೆ ಅವೂ ಆ ಭಾಷೆಯ ಅಕ್ಷರಗಳೇ ಎಂದು ಜೋಸೆಫ್ ಮೊದಲೇ ತಿಳಿಸಿದ್ದ. ಮೊದಲ ಲೊಚ್ ಬಿತ್ತು. ಸದಾನಂದಣ್ಣನ ಬೆರಳು ಕೂತಿದ್ದ ದಿಮ್ಮಿಯನ್ನು ಮೂರು ಸಲ ಕುಟ್ಟಿತು. ಎರಡನೆಯದು, ಮತ್ತೆ ಮೂರು ಸಲ. ಅಷ್ಟರಲ್ಲಿ ಆ ಕಡೆಯಿಂದ ನಾಲ್ಕಾರು ಸದ್ದು ಒಟ್ಟಿಗೆ ಬಂದವು. ಈ ಕಡೆ ಸದಾನಂದಣ್ಣ ಎರಡೂ ಕೈ ಹಚ್ಚಿ ಬಡಿಯತೊಡಗಿದರು. ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದ ನಾನು ಗೊಳ್ಳೆಂದು ನಕ್ಕುಬಿಟ್ಟೆ.

ಮುದುಕರು ಮಾತು ನಿಲ್ಲಿಸಿ ಆ ಬೆರಳುಗಳನ್ನೇ ನೋಡಿದರು. ಅಣಕಿಸುತ್ತಿದ್ದಾರೆ ಅಂದುಕೊಂಡು ಜೋಸೆಫನ ಮುಖ ಬಿಗಿಯಿತು. "ಇವರು ಯಾಕೆ ಹೀಗೆ ಮಾಡ್ತಿದ್ದಾರೆ?" ಎಂದು ನನ್ನನ್ನು ಕೇಳಿದ. ಸದಾನಂದಣ್ಣ ಕುಟ್ಟುವುದು ಬಿಟ್ಟು ನನ್ನ ಕಡೆ ತಿರುಗಿದರು. "ಟೀಚರೇ, ಹೇಳಿ ಅವರಿಗೆ. ತಮಾಷೆಗೆ ಅಲ್ಲ. ನಮ್ಮಲ್ಲಿ ಪಲ್ಲಿ ಹೀಗೆ ಹೇಳಿದ್ರೆ ಮಾತು ಸತ್ಯ ಅಂತ. ಇವರ ಒಂದೊಂದು ಮಾತಿನಲ್ಲೂ ಅದು ಉಂಟಲ್ಲ! ಕುಟ್ಟದೆ ಹೇಗೆ ಕೂತುಕೊಳ್ಳುವುದು?"

ನಾನು ಇಂಗ್ಲಿಷಿನಲ್ಲಿ ಹೇಳಿದೆ, ಜೋಸೆಫ್ ಅವರ ಭಾಷೆಯಲ್ಲಿ ಹೇಳಿದ. ಮುದುಕರು ನಗಲಿಲ್ಲ. ತುಸು ಯೋಚಿಸಿ, ಸುಳ್ಳು ಹೇಳಿದರೆ ಆ ಹಲ್ಲಿ ಏನು ಮಾಡುತ್ತದೆ ಎಂದು ಕೇಳಿದರು. "ಎಂತ ಮಾಡುದಿಲ್ಲ. ಸುಮ್ಮನೆ ಇರ್ತದೆ" ಎಂದರು ಸದಾನಂದಣ್ಣ. ಆ ಉತ್ತರ ತಲುಪಿದ ಮೇಲೆ ಮುದುಕರು ಕೂತಲ್ಲೇ ಸರಿದು, ಪಕ್ಕದ ನೆಲವನ್ನು ಅಂಗೈಯಿಂದ ಸವರಿ ಇವರನ್ನು ಕೂರಿಸಿಕೊಂಡರು. ಪೊಟ್ಟಣ ಬಿಚ್ಚಿ ಜೇನುಹುಟ್ಟು ಮುರಿದುಕೊಟ್ಟರು. ಅದರೊಳಗೆ ಬಿಳಿ ಮರಿಹುಳುಗಳಿದ್ದವು. ನಾನು ಕೈಗೆ ಸ್ಯಾನಿಟೈಸರ್ ಹಚ್ಚಿಕೊಳ್ಳುವ ನೆಪದಲ್ಲಿ ತಪ್ಪಿಸಿಕೊಂಡೆ. ಸದಾನಂದಣ್ಣ ಅಷ್ಟನ್ನೂ ಬಾಯಿಗಿಟ್ಟು ಕಣ್ಣುಮುಚ್ಚಿ ಚಪ್ಪರಿಸಿದರು. ಮುದುಕರು ಹಕ್ಕಿಯ ಕಥೆ ಮುಂದುವರಿಸಿದರು. ಈ ಸಲ ಒಂದೊಂದು ಲೊಚ್‌ಗೂ ಬಾಣದ ಕಡ್ಡಿಯಿಂದ ನೆಲವನ್ನು ತಾವೇ ಕುಟ್ಟಿದರು, ಇವರು ಬೆರಳಿನಿಂದ ಕುಟ್ಟಿದರು.

ಇಷ್ಟೆಲ್ಲವೂ ನನ್ನ ಫೋನಿನಲ್ಲಿತ್ತು. ನಾನು ಮಾತ್ರ ಅಂದೇ ಸಂಜೆ ಹೋಟೆಲಿನಲ್ಲಿ ಕುಳಿತು, ಎರಡೂ ಕೈಯಲ್ಲಿ ಬಡಿಯುವ ಇಪ್ಪತ್ತು ಸೆಕೆಂಡನ್ನು ಕತ್ತರಿಸಿ, "ಹಲ್ಲಿ ಭಾಷೆ ಬಲ್ಲ ಸದಾನಂದಣ್ಣ" ಎಂದು ತಲೆಬರಹ ಕೊಟ್ಟು ಕಟ್ಟಡದ ವಾಟ್ಸಾಪ್ ಗುಂಪಿಗೆ ಹಾಕಿದೆ. ತುಣುಕಿನಲ್ಲಿ ಅವರೂ ಆ ಮುದುಕರೂ ಕಾಣುತ್ತಿದ್ದರು. ನಗು ಕೇಳಿಸುತ್ತಿತ್ತು, ನಗುವವರು ಕಾಣುತ್ತಿರಲಿಲ್ಲ.

ನಾವು ದೋಹಾ ಮುಟ್ಟುವ ಮೊದಲೇ ಅದು ಅಲ್ಲಿನ ಅಲ್ ಅಜೀಜಿಯಾ ಬಡಾವಣೆ ದಾಟಿ, ಸುರತ್ಕಲ್ಲಿಗೂ ತಲುಪಿತ್ತು. ಲಿಫ್ಟಿನಲ್ಲಿ, ಅಂಗಡಿಯಲ್ಲಿ ಜನ ಅವರನ್ನು ಕಂಡು ನಾಲಗೆ ಲೊಚಗುಟ್ಟತೊಡಗಿದರು. ಅವರೂ ನಗುತ್ತಿದ್ದರು. ಶುಕ್ರವಾರದ ಊಟ ತಪ್ಪಲಿಲ್ಲ, ಸ್ಕ್ರೂಡ್ರೈವರೂ ಬಂತು. ಒಂದು ಶುಕ್ರವಾರ ಅವರು ಮೊಮ್ಮಗಳಿಗೆ ಹಲ್ಲು ಬಂದ ಸುದ್ದಿ ಹೇಳುತ್ತಿದ್ದಾಗ ನಮ್ಮ ಟ್ಯೂಬ್‌ಲೈಟಿನ ಹಿಂದಿನಿಂದ ಹಲ್ಲಿ ಲೊಚಗುಟ್ಟಿತು. ಅವರ ಬೆರಳು ಮೇಜಿನಿಂದ ಮೇಲೆದ್ದಿತು. ನನ್ನ ಮುಖ ನೋಡಿದರು. ಕೈಯನ್ನು ಮೆಲ್ಲಗೆ ತೊಡೆಯ ಮೇಲಿಟ್ಟುಕೊಂಡರು. "ಎಂತ ಇಲ್ಲ, ಸಾರು ಒಳ್ಳೇದುಂಟು" ಎಂದರು. ಅವರು ಹೋದ ಮೇಲೆ ಫೋನಿನಲ್ಲಿದ್ದ ಪೂರ್ತಿ ವಿಡಿಯೋ ಅಳಿಸಿಹಾಕಿದೆ. ಕ್ಷಮಿಸಿ ಎಂಬ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅದು ಕಷ್ಟ, ಅಳಿಸುವುದು ಸುಲಭ.

ಆರು ತಿಂಗಳಿಗೆ ಅವರ ಕೆಲಸ ಮುಗಿಯಿತು. ಹೊರಡುವ ದಿನ ಮಧ್ಯಾಹ್ನ ಹೋದರೆ, ಖಾಲಿ ಫ್ಲ್ಯಾಟಿನಲ್ಲಿ ಎರಡು ಪೆಟ್ಟಿಗೆಗಳ ನಡುವೆ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರು ಕೇಳಿದರು:

"ಟೀಚರೇ, ಆ ವಿಡಿಯೋ ಫುಲ್ ಉಂಟಲ್ಲ ನಿಮ್ಮ ಹತ್ರ? ನನಗೆ ಕಳಿಸ್ತೀರಾ? ಕಾಡಿನವರೂ ಸದಾನಂದನನ್ನು ನೋಡಿ ನಕ್ಕರು ಅಂತ ಊರಲ್ಲಿ ಹೇಳ್ತಾರಂತೆ. ನನಗೆ ಬಿಡಿ. ಕುಸುಮನಿಗೆ ಅದೇ ಬೇಜಾರು. ಜೇನು ಕೊಟ್ಟದ್ದನ್ನೆಲ್ಲ ಒಮ್ಮೆ ಅವಳಿಗೆ ತೋರಿಸ್ಬೇಕು."

"ಅಳಿಸಿಬಿಟ್ಟೆ ಅಣ್ಣಾ" ಎಂದೆ.

ಅವರು ಪೆಟ್ಟಿಗೆಯ ಬೀಗವನ್ನೊಮ್ಮೆ ಎಳೆದು ನೋಡಿದರು. "ಹೋಗ್ಲಿ. ನೀವು ಅಲ್ಲೇ ಇದ್ದಿರಲ್ಲ, ನೀವೇ ಹೇಳಿ. ನಾನು ಹೇಳಿದ್ರೆ ಅವಳು ನಂಬುದಿಲ್ಲ." ಸುರತ್ಕಲ್ಲಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು.

ನಾನು ಹೇಳಿದೆ. ಮುದುಕರು ಕೇಳಿದ ಪ್ರಶ್ನೆ, ಇವರು ಕೊಟ್ಟ ಉತ್ತರ, ಅಂಗೈಯಿಂದ ಸವರಿದ ನೆಲ, ಬಾಣದ ಕಡ್ಡಿ, ಒಂದನ್ನೂ ಬಿಡಲಿಲ್ಲ. ಕೆಳಗೆ ಟ್ಯಾಕ್ಸಿಯವನು ಹಾರ್ನ್ ಹೊಡೆಯುತ್ತಿದ್ದ. ಎಲ್ಲ ಮುಗಿದ ಮೇಲೆ ಕುಸುಮಕ್ಕ ಕೇಳಿದರು:

"ಹಾಗಾದ್ರೆ ಅವರು ನಗ್ಲಿಲ್ವಾ?"

ಸದಾನಂದಣ್ಣ ಕಿಟಕಿಯ ಕಡೆ ತಿರುಗಿ ನಿಂತಿದ್ದರು.

"ಇಲ್ಲ ಅಕ್ಕಾ, ಅಲ್ಲಿನವರು ಯಾರೂ ನಗಲಿಲ್ಲ" ಎಂದೆ. "ಆ ವಿಡಿಯೋದಲ್ಲಿ ನಗ್ತಾ ಇರೋದು ನಾನು."