ಮುಗಿದ ಚಿತ್ರಕ್ಕೆ ಮತ್ತೆ ಚಾಕು ಹಿಡಿದ ಪ್ರಭುಲಿಂಗ ಮೇಷ್ಟ್ರು

ಬಯಲುಸೀಮೆಯ ಅಮೂರ್ತ ಚಿತ್ರಕಲೆಯ ಮಾತು ಬಂದಲ್ಲೆಲ್ಲ ಮೊದಲು ಕೇಳಿಬರುವ ಹೆಸರು ಶ್ರೀ ಪ್ರಭುಲಿಂಗ ಅವರದು. ಅದರ ಹಿಂದೆಯೇ ಕೇಳಿಬರುವುದು ಅವರ ಮೇಲಿನ ದೂರು. ಮೂವತ್ತು ವರ್ಷ ಚಿತ್ರದುರ್ಗದ ಸೀಮೆಯಲ್ಲಿ ಮೇಷ್ಟ್ರಾಗಿದ್ದೂ ಕೋಟೆಯ ಒಂದು ಕಲ್ಲನ್ನೂ ಬರೆಯಲಿಲ್ಲವೆಂಬುದು ಸಣ್ಣ ದೂರು. ತಮ್ಮದೇ ಚಿತ್ರ ಮುಗಿದಿದೆಯೆಂದು ಒಪ್ಪುವುದಿಲ್ಲವೆಂಬುದು ದೊಡ್ಡದು. ಕಳೆದ ತಿಂಗಳು ಚಿತ್ರಕಲಾ ಅಧ್ಯಾಪಕ ವೃತ್ತಿಯಿಂದ ನಿವೃತ್ತರಾದ ಅವರನ್ನು ಗೌರವಿಸುವ ಈ ಸಂಪುಟದಲ್ಲಿ ಆ ದೊಡ್ಡ ದೂರನ್ನೇ ವಿವರವಾಗಿ ದಾಖಲಿಸುವುದು ಉಚಿತ.

ಜವನಗೊಂಡನಹಳ್ಳಿಯ ಅವರ ತಂದೆ ಗೋವಿಂದಪ್ಪನವರು ಕುರಿ ಸಾಕುತ್ತ ಕಂಬಳಿ ನೇಯುತ್ತಿದ್ದವರು. ನೇಯುವ ಮುನ್ನ ನೂಲಿಗೆ ಹುಣಸೆಬೀಜದ ಗಂಜಿ ಬಳಿಯುವುದು ಮಗನ ಪಾಲಿನ ಕೆಲಸವಾಗಿತ್ತು. ಹೊಳಲ್ಕೆರೆಯ ಪ್ರೌಢಶಾಲೆಗೆ ಬಂದ ಹೊಸದರಲ್ಲಿ ಮೇಷ್ಟ್ರು ಎಲ್ಲರಂತೆ ಬ್ರಶ್ಶಿನಿಂದ ತೆಳುವಾಗಿ ಬಣ್ಣ ಹಚ್ಚುತ್ತಿದ್ದರು. ಒಮ್ಮೆ ಹಳೆಯ ಚಿತ್ರವೊಂದರ ಮೇಲೆ ಹೊಸದನ್ನು ಬರೆಯಲೆಂದು ಅದೇ ಗಂಜಿಯನ್ನು ಬಳಿದರು. ಕೈಯಳತೆ ತಪ್ಪಿತು, ನೂಲಿಗೆ ಹಾಕುವಷ್ಟು ದಪ್ಪ ಹಾಕಿಬಿಟ್ಟರು. ಬೇಸಿಗೆಗೆ ಅದರ ಮೇಲೆ ಬರೆದ ಹೊಸ ಚಿತ್ರವೆಲ್ಲ ಒಡೆದು ಹಪ್ಪಳದಂತೆ ಎದ್ದಿತು. ಇನ್ನೊಬ್ಬರಾಗಿದ್ದರೆ ಅಟ್ಟಕ್ಕೆ ಎಸೆಯುತ್ತಿದ್ದರು. ಇವರು ಚಾಕು ಹಿಡಿದು ಕೆರೆದರು. ಅಡಿಯಲ್ಲಿದ್ದ ಹಳೆಯ ಬಣ್ಣ ಅಲ್ಲಲ್ಲಿ ಇಣುಕಿತು. ಅಂದಿನಿಂದ ಬಳಿಯುವುದು, ಒಣಗಿಸುವುದು, ಕೆರೆಯುವುದು, ಮತ್ತೆ ಬಳಿಯುವುದೇ ಅವರ ಕ್ರಮವಾಯಿತು.

ಹಳೆಯ ಚಿತ್ರಗಳಿಗೆ ಆಮೇಲೆ ಉಳಿಗಾಲವಿರಲಿಲ್ಲ. ಕೊಂಡವರ ಮನೆಗೂ ಚೀಲದಲ್ಲಿ ಚಾಕು ಇಟ್ಟುಕೊಂಡೇ ಹೋದರು. ಹಿರಿಯೂರಿನ ವಕೀಲ ದುರುಗೇಶ್ ಅವರು ಕಾಫಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಗೋಡೆಯ ಮೇಲಿನ ಚಿತ್ರದಲ್ಲಿ ಅರ್ಧ ನೀಲಿ ಮಾಯವಾಗಿತ್ತಂತೆ!

ಹೀಗೆ ಮೊದಲ ಕಾಲದ ಚಿತ್ರಗಳಲ್ಲಿ ಒಂದೇ ಒಂದು ಉಳಿಯಿತು. ಅದಕ್ಕೆ ಕಾರಣ ಹೊಸದುರ್ಗದ ಅಧ್ಯಾಪಕಿ ದೇವಿಕಾ ಅವರ ಹಟ. ಹೊಳಲ್ಕೆರೆಯಲ್ಲಿ ಮೇಷ್ಟ್ರ ವಿದ್ಯಾರ್ಥಿನಿಯಾಗಿ ಹತ್ತನೆಯ ತರಗತಿಯಲ್ಲಿದ್ದಾಗ ತಾಯಿ ಬರಗೇರಮ್ಮ ತೀರಿಕೊಂಡು, ದೇವಿಕಾ ಶಾಲೆ ಬಿಟ್ಟು ಮನೆಯಲ್ಲಿ ಕೂತಿದ್ದರು. ಮೇಷ್ಟ್ರು ಒಂದು ತಿಂಗಳು ದಿನಾ ಸೈಕಲ್ ತುಳಿದು ಬಂದು, ತಮ್ಮದಲ್ಲದ ಗಣಿತ, ವಿಜ್ಞಾನಗಳನ್ನೂ ತಡವರಿಸುತ್ತಲೇ ಹೇಳಿಕೊಟ್ಟರು. ಪರೀಕ್ಷೆ ಪಾಸಾದ ದಿನ ಆ ಚಿತ್ರ ಕೊಟ್ಟರು. ಆ ತಿಂಗಳ ಗುರುತಾಗಿ ದೇವಿಕಾ ಬಳಿ ಉಳಿದಿರುವುದು ಅದೊಂದೇ. ಅದು ಅಳಿದರೆ ತಾನು ಸಹಿಸಲಾರೆನೆಂದು ಅವರಿಗೆ ಗೊತ್ತಿತ್ತು.

"ಅದನ್ನೊಂದ್ಸಲ ತಂದ್ಕೊಡಮ್ಮ, ಇನ್ನೂ ಮುಗಿದಿಲ್ಲ," ಎಂದು ಕಂಡಾಗಲೆಲ್ಲ ಮೇಷ್ಟ್ರು ಕೇಳುವರು.

"ಮುಗಿದೈತೆ ಸರ್," ಎಂದು ದೇವಿಕಾ ಬಸ್ಸು ಹತ್ತುವರು.

ನಿವೃತ್ತಿಯ ಪ್ರದರ್ಶನಕ್ಕೆ ಆ ಚಿತ್ರ ಬೇಕೇ ಬೇಕೆಂದು ಸಮಿತಿಯವರು ದುಂಬಾಲು ಬಿದ್ದರು. ದೇವಿಕಾ ಅದನ್ನು ಸೀರೆಯಲ್ಲಿ ಸುತ್ತಿ ಚಿತ್ರದುರ್ಗಕ್ಕೆ ತಂದು, ಪಕ್ಕದಲ್ಲೇ ಕಾವಲು ನಿಂತರು. ಮೇಷ್ಟ್ರು ಬಹಳ ಹೊತ್ತು ನೋಡಿದರು. ಚೀಲಕ್ಕೆ ಕೈ ಹಾಕಲಿಲ್ಲ.

"ಇರ್ಲಿ ಬಿಡಮ್ಮ. ಇದು ನಿಂದು," ಎಂದರು.

ಗೆದ್ದಿದ್ದ ದೇವಿಕಾ ಸುಮ್ಮನಿರಬಹುದಿತ್ತು. ಆದರೆ ಇಷ್ಟು ವರ್ಷ ದಿನಾ ನೋಡಿದ ಕಣ್ಣು ಸುಮ್ಮನಿರಲು ಬಿಡಲಿಲ್ಲ.

"ಎಡಗಡೆ ಹಳದಿ ಜಾಸ್ತಿ ಆಗೈತೆ ಸರ್."

"ಯಾವಾಗಿಂದ ಗೊತ್ತಿತ್ತು?"

"ಹತ್ತು ವರ್ಷದಿಂದ. ಹೇಳಿದ್ರೆ ನೀವು ಬಿಡ್ತಿರಲಿಲ್ವಲ್ಲ."

ಮೇಷ್ಟ್ರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಅವರು ಕೆರೆಯುವಾಗ ಚೌಕಟ್ಟು ಅಲುಗದಂತೆ ಹಿಡಿದುಕೊಂಡವರು ದೇವಿಕಾ. ಹಳದಿ ಪುಡಿಯಾಗಿ ಸೆರಗಿನ ಮೇಲೆ ಉದುರುತ್ತಿತ್ತು; ಅವರು ಅಳುತ್ತಲೇ ಹಿಡಿದಿದ್ದರು, ಬಿಡಲಿಲ್ಲ. ಕೆರೆದಲ್ಲಿ ಮತ್ತೆ ಬಣ್ಣ ಬಳಿದ ಆ ಚಿತ್ರ ಮರುದಿನ ಹಸಿಯಾಗಿಯೇ ಗೋಡೆಗೇರಿತು. ಚೆನ್ನಾಗಾಯಿತೇ ಎಂದು ಕೇಳಿದವರಿಗೆ ದೇವಿಕಾ ಇನ್ನೂ ಉತ್ತರ ಕೊಟ್ಟಿಲ್ಲ.

ಪ್ರಭುಲಿಂಗ ಮೇಷ್ಟ್ರು ಆರೋಗ್ಯವಂತರಾಗಿ ಬಹುಕಾಲ ಬಾಳಲಿ. ಮುಗಿಯಿತೆಂದು ನಾವು ನೆಮ್ಮದಿಯಿಂದ ಗೋಡೆಗೆ ಹಾಕಿದ್ದನ್ನೆಲ್ಲ ಕೆಡಿಸುತ್ತಿರಲಿ. ಅವರ ಮೇಲೆ ಸಿಟ್ಟಾಗುವ ಭಾಗ್ಯ ನಮಗೆ ಇನ್ನೂ ಬಹಳ ವರ್ಷ ಇರಲಿ.