ಒಡ್ಡಿದ ಬೊಗಸೆ

ಕಾಲೇಜಿನ ಬೇವಿನ ಮರದ ಕೆಳಗಿದ್ದ ಮಣ್ಣಿನ ಹರವಿಯಿಂದ ನೀರು ಮೊಗೆದು ಸಹಪಾಠಿ ಶೋಭಾ ನನ್ನತ್ತ ತಂಬಿಗೆ ಚಾಚಿದಳು. ನಾನು ತಂಬಿಗೆ ಹಿಡಿಯಲಿಲ್ಲ. ಬಾಗಿ ನಿಂತು, ಎರಡೂ ಕೈ ಕೂಡಿಸಿ, ಬಾಯಿಯ ಹತ್ತಿರ ಬೊಗಸೆ ಒಡ್ಡಿದೆ.

“ಏ, ಇದೇನ ಮಾಡಾಕತ್ತೀ? ತಂಬಿಗಿ ಹಿಡಿ!” ಎಂದು ಅವಳು ನಕ್ಕಳು. ಆ ನಗು ಅರ್ಧಕ್ಕೇ ನಿಂತಿತು. ಸಂಪಗಾಂವದ ಅವರ ಮನೆಯಂಗಳದಲ್ಲಿ ಕೂಲಿಗೆ ಬಂದ ನಮ್ಮ ಜನ ಹೀಗೇ ನೀರು ಕುಡಿಯುವುದನ್ನು ನೋಡಿ ಬೆಳೆದವಳು ಅವಳು. ನೇಸರಗಿಯಲ್ಲಿ ಅವ್ವನ ಜೊತೆ ಕಳೆ ತೆಗೆಯಲು ಹೋದಾಗಲೆಲ್ಲ ಹಾಗೇ ಕುಡಿದವಳು ನಾನು.

ಬೈಲಹೊಂಗಲಕ್ಕೆ ಪಿಯುಸಿ ಓದಲು ಬಂದ ಮೊದಲ ವಾರವದು. ಯಾರೂ ನನ್ನ ಜಾತಿ ಕೇಳಿರಲಿಲ್ಲ. ಈಗ ಎಲ್ಲ ಹುಡುಗಿಯರೂ ನನ್ನ ಕೈಗಳನ್ನೇ ನೋಡುತ್ತಿದ್ದರು. ಕಿವಿ ಬಿಸಿಯಾಯಿತು, ಆದರೂ ಕೈ ಕೆಳಗಿಳಿಯಲಿಲ್ಲ. ಶೋಭಾ ತುಂಬಿದ ತಂಬಿಗೆಯನ್ನು ನನ್ನ ಬೊಗಸೆಯಲ್ಲೇ ಇಟ್ಟಳು. ಕುಡಿದದ್ದಕ್ಕಿಂತ ಮೈಮೇಲೆ ಚೆಲ್ಲಿಕೊಂಡದ್ದೇ ಹೆಚ್ಚು.

ಈಗ ನನ್ನ ಮಗಳು ಯಾರ ಮನೆಗೆ ಹೋದರೂ ಸೀದಾ ಅಡುಗೆಮನೆಗೆ ನುಗ್ಗಿ ನೀರು ತುಂಬಿಕೊಂಡು ಕುಡಿಯುತ್ತಾಳೆ. ಗದರಿಸಲು ಬಾಯಿ ತೆರೆಯುತ್ತೇನೆ. ಆಮೇಲೆ ನಾಚಿ ಸುಮ್ಮನಾಗುತ್ತೇನೆ.