ತಂಗಿಯ ತೋಳಿಗೆ ಸುತ್ತಿದ ಪಟ್ಟಿ

ನಾವು ಸರಸಂಬಾದಲ್ಲಿದ್ದ ಆ ವರ್ಷಗಳಲ್ಲಿ, ತೊಗರಿ ರಾಶಿಯ ಹೊತ್ತಿಗೆ ಓಣಿಯೆಲ್ಲ ಹೊಟ್ಟಿನ ಘಾಟು. ಆ ಹೊಟ್ಟಿನ ಗುಡ್ಡೆಯ ಮೇಲೆ ಉರುಳುವುದೇ ನಮಗೆ ಆಟ. ತಂಗಿ ಗೌರಿಗೆ ಎರಡು ವರ್ಷ ತುಂಬಿದ್ದರೂ ಅವಳು ಕೆಳಗಿಳಿಯುತ್ತಿರಲಿಲ್ಲ. ನನ್ನ ಸೊಂಟದ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದಳು.

ತೂಕ ಮಾಡಿಸಿದರೆ ಕೂಸಿಗೆ ನೆದರಾಗುತ್ತದೆ, ಕೆಟ್ಟ ದೃಷ್ಟಿ ತಾಕುತ್ತದೆ ಎಂದು ಆಯಿ, ಅಂದರೆ ಅಪ್ಪನ ತಾಯಿ, ಅಷ್ಟು ದಿನ ತಡೆದಿದ್ದಳು. ಒಂದು ಮುಂಜಾನೆ ಅವ್ವ ಅವಳ ಮಾತು ಮೀರಿ ಗೌರಿಯನ್ನು ಅಂಗನವಾಡಿಗೆ ಒಯ್ದಳು. ನಾನೂ ಹಿಂದೆ ಹೋದೆ. ಅಲ್ಲಿನ ಅಕ್ಕೋರು ಗೌರಿಯನ್ನು ತೂಗಿ, ತೋಳಿನ ದಪ್ಪ ಅಳೆಯುವ ಬಣ್ಣದ ಪಟ್ಟಿ ಸುತ್ತಿದರು.

“ಕೆಂಪಿಗಿ ಬಂದದ್ರಿ,” ಎಂದರು ಮೆಲ್ಲಗೆ. “ಕೂಸು ಭಾಳ ಸೊರಗ್ಯಾದ. ಮೊದಲ ದವಾಖಾನಿಗಿ ಕರಕೊಂಡು ಹೋಗ್ರಿ. ಬಂದ ಮ್ಯಾಲ ದಿನಾ ತತ್ತಿ ತಿನ್ನಸ್ರಿ.”

ಅವ್ವ ಗೌರಿಯನ್ನು ಕರೆದುಕೊಂಡು ಕಲಬುರಗಿಯ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು ಬಂದಳು. ಗೌರಿ ಈಗ ಹಸಿವೆಂದು ಅಳುತ್ತಿದ್ದಳು. ಆದರೆ ನಮ್ಮದು ಲಿಂಗಪೂಜೆಯ ಮನೆ. ತತ್ತಿ ಹೊಸ್ತಿಲು ದಾಟುವಂತಿರಲಿಲ್ಲ.

ಪಕ್ಕದ ಮನೆಯ ರಾಬಿಯಾ ಖಾಲಾ ಗೋಡೆಯಾಚೆಯಿಂದ ಅವ್ವನಿಗೆ ಹೇಳಿದಳು: “ನಮ್ಮ ಮನ್ಯಾಗ ತಿನ್ಲಿ ಬೇ. ನಿಮ್ಮ ಒಲಿಗಿ ಏನೂ ಹತ್ತಂಗಿಲ್ಲ.”

ಅವ್ವ ಆಯಿಯ ಮುಖ ನೋಡಿದಳು. ಆಯಿ ಬೇಳೆ ಹಸನು ಮಾಡುತ್ತಲೇ, “ಕೂಸು ಆಡಾಕ ಹೋದ್ರ ನಾ ಯಾಕ ಕೇಳ್ಲಿ,” ಎಂದಳು.

ಅಂದಿನಿಂದ ದಿನಾ ಸಂಜೆ ಗೌರಿಯನ್ನು ಎತ್ತಿಕೊಂಡು ಹೋಗುವುದು ನನ್ನ ಕೆಲಸವಾಯಿತು. ಖಾಲಾ ಬಿಸಿ ರೊಟ್ಟಿ ಮುರಿದು, ತತ್ತಿ ಕಿವುಚಿ, ತುಪ್ಪ ಸೋಕಿಸಿ, “ಖಾಲೇ ಬೇಟಿ, ತಿನ್ನವ್ವ,” ಎನ್ನುತ್ತ ತುತ್ತಿಡುತ್ತಿದ್ದಳು. ತಿರುಗಿ ಬಂದಾಗ ಆಯಿ ಬಿಸಿನೀರಲ್ಲಿ ಗೌರಿಯ ಬಾಯಿ ತೊಳೆದು, ಹಣೆಗೆ ವಿಭೂತಿ ಹಚ್ಚಿ, “ಹೊಟ್ಟಿ ತುಂಬ್ತೇನು?” ಎಂದಷ್ಟೇ ಕೇಳುತ್ತಿದ್ದಳು.

ಒಮ್ಮೆ ಖಾಲಾ ಮದುವೆಗೆಂದು ಹಿರೋಳ್ಳಿಗೆ ಹೋಗಿದ್ದಳು. ದೀಪ ಹಚ್ಚುವ ಹೊತ್ತಾದರೂ ಬರಲಿಲ್ಲ. ಆಯಿಯೇ ಗೋಡೆಯ ಬಳಿ ಹೋಗಿ ನಿಂತು ಆಚೆ ಮನೆಯವರನ್ನು ಕೇಳಿದಳು:

“ರಾಬಿಯಾ ಇನ್ನಾ ಬಂದಿಲ್ಲೇನು? ಕೂಸು ಹಸದದ.”

ಯುಗಾದಿ ಕಳೆಯುವಷ್ಟರಲ್ಲಿ ಪಟ್ಟಿ ಹಸಿರಿಗೆ ಬಂತು. ಗೌರಿ ಓಣಿ ತುಂಬ ಓಡಾಡಿದಳು.

ಆಯಿ ತೀರಿಕೊಂಡು ಬಹಳ ವರ್ಷಗಳಾದವು. ಖಾಲಾ ಮಗಳೊಂದಿಗೆ ಸೊಲ್ಲಾಪುರ ಸೇರಿದಳು. ನಾನೀಗ ಕಲಬುರಗಿಯಲ್ಲಿದ್ದೇನೆ; ನನ್ನ ಪುಟ್ಟ ಮಗಳಿಗೆ ಊಟಕ್ಕೇನೂ ಕೊರತೆಯಿಲ್ಲ. ಮೊನ್ನೆ ಸಂಜೆ ಅವಳು ಉಣ್ಣಲಾರೆನೆಂದು ಹಟ ಹಿಡಿದಾಗ ಎತ್ತಿಕೊಂಡು ಬಾಗಿಲವರೆಗೂ ಹೋದೆ. ಎದುರಿನ ಮನೆಯವರ ಹೆಸರು ನನಗೆ ಗೊತ್ತಿರಲಿಲ್ಲ.